ಸಹಾಯ ಮಾಡುವುದಾದರೆ ತಾರೀಖು ಕೇಳಿ

ನಿಮ್ಮ ಪ್ರಶ್ನೆ ಓದಿದೆ. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವವರ ಮೂರು ವರ್ಷದ ಮಗಳಿಗೆ ಥಲಸ್ಸೇಮಿಯಾ ಮೇಜರ್ ಅಂತ ಗೊತ್ತಾಗಿದೆ. ಅವರ ಹತ್ತಿರ ಏನು ಮಾತಾಡಬೇಕು, ಹೇಗೆ ನೆರವಾಗಬೇಕು ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಅದೇ ಕಾಯಿಲೆ. ಎಂಟು ತಿಂಗಳ ಕೂಸಿದ್ದಾಗ ಗೊತ್ತಾಯಿತು, ಈಗ ಅವಳಿಗೆ ಹನ್ನೊಂದು ವರ್ಷ. ನಮ್ಮದು ಹಾವೇರಿ ಹತ್ತಿರದ ಊರು, ರಕ್ತ ಹಾಕಿಸಲು ಹುಬ್ಬಳ್ಳಿಗೆ ಹೋಗುತ್ತೇವೆ. ನಮಗೆ ಯಾವ ಸಹಾಯ ಉಪಯೋಗಕ್ಕೆ ಬಂತು ಅನ್ನುವುದನ್ನೇ ಹೇಳುತ್ತೇನೆ.

ಈ ಮಕ್ಕಳ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಲೇಬೇಕು. ನಮಗೆ ಮೂರು ವಾರ. ಹದಿನೈದು ದಿನ ಅವಳು ಎಲ್ಲ ಮಕ್ಕಳಂತೆ ಓಡಾಡುತ್ತಾಳೆ. ಆಮೇಲೆ ಮುಖ ಬಿಳಿಚಿಕೊಳ್ಳುತ್ತೆ, ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಾಳೆ. ಆಗ ಬೆಳಗಿನ ಬಸ್ಸು ಹಿಡಿಯುತ್ತೇವೆ. ಅಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ, ಕ್ರಾಸ್ ಮ್ಯಾಚ್ ಮಾಡುತ್ತಾರೆ (ಕೊಡುವ ರಕ್ತ ಅವಳಿಗೆ ಹೊಂದುತ್ತಾ ಅನ್ನುವ ಪರೀಕ್ಷೆ), ಅದರ ರಿಪೋರ್ಟ್ ಬರುವವರೆಗೆ ಕಾಯುವುದು. ಆಮೇಲೆ ಸಿಸ್ಟರ್ ಕೈ ಉಜ್ಜಿ ಉಜ್ಜಿ ನರ ಹುಡುಕುತ್ತಾರೆ. ಎಷ್ಟು ಸಲ ಚುಚ್ಚಿಸಿಕೊಂಡ ಕೈ ಅದು! "ಮಮ್ಮಿ, ಎಡಗೈಗೆ ಹಾಕಂತ ಹೇಳು, ಬಲಗೈಲೆ ಹೋಮ್‌ವರ್ಕ್ ಮಾಡೋದೈತಿ" ಅನ್ನುತ್ತಾಳೆ. ಬ್ಯಾಗು ಖಾಲಿಯಾಗಲು ಮೂರು-ನಾಲ್ಕು ಗಂಟೆ ಬೇಕು. ವಾಪಸ್ ಬರುವ ಬಸ್ಸಿನಲ್ಲಿ ನಾನು ಅವಳ ಕಿವಿ ನೋಡುತ್ತೇನೆ. ಕಿವಿಯ ತುದಿ ಕೆಂಪಗೆ ಆಗಿದ್ದರೆ ಜೀವಕ್ಕೆ ಸಮಾಧಾನ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಈ ಕಾಯಿಲೆಗೆ ಕ್ಯಾಲೆಂಡರ್ ಇದೆ. ಗೊತ್ತಾದ ಮೊದಲ ತಿಂಗಳು ಎಲ್ಲರೂ ಬರುತ್ತಾರೆ, ಹಣ್ಣು ತರುತ್ತಾರೆ, "ಏನಾದರೂ ಬೇಕಿದ್ದರೆ ಹೇಳಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಪ್ರತಿ ಮೂರು ವಾರಕ್ಕೆ ಯಾರನ್ನಂತ ಕೇಳುವುದು? ಬಾಯಿ ಬರುವುದಿಲ್ಲ. ಅದಕ್ಕೆ ನೀವು "ಮುಂದಿನ ತಾರೀಖು ಯಾವತ್ತು?" ಅಂತ ಕೇಳಿ. ಆ ದಿನದ ಒಂದು ಕೆಲಸ ನಿಮ್ಮದು ಅಂತ ಹಿಡಿದುಕೊಳ್ಳಿ.

ಮೊದಲನೆಯದು ರಕ್ತ. ಲೆಕ್ಕ ಹಾಕಿ ನೋಡಿ: ಮೂರು ವಾರಕ್ಕೊಂದು ಬ್ಯಾಗು ಅಂದರೆ ವರ್ಷಕ್ಕೆ ಹದಿನೇಳು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಆಫೀಸಿನಲ್ಲಿ ಐದಾರು ಜನ ಸರದಿ ಹಾಕಿಕೊಂಡರೆ ಆ ಚಿಕ್ಕ ಮಗುವಿನ ಒಂದು ವರ್ಷ ನಡೆಯುತ್ತೆ. ಬೆಳೆದಂತೆ ರಕ್ತ ಜಾಸ್ತಿ ಬೇಕಾಗುತ್ತೆ, ಆಗ ಜನರೂ ಜಾಸ್ತಿ ಬೇಕು. ಏಪ್ರಿಲ್-ಮೇ ತಿಂಗಳನ್ನಂತೂ ಮರೆಯಬೇಡಿ. ಕಾಲೇಜಿಗೆ ರಜೆ, ರಕ್ತದಾನದ ಕ್ಯಾಂಪ್ ಕಡಿಮೆ, ಬ್ಲಡ್ ಬ್ಯಾಂಕುಗಳು ಖಾಲಿ ಖಾಲಿ. ಒಂದು ಮೇ ತಿಂಗಳಲ್ಲಿ ಒಂದು ಬ್ಲಡ್ ಬ್ಯಾಂಕಿನವರು "ಡೋನರ್ ಕರಕೊಂಡು ಬಂದರೆ ಕೊಡುತ್ತೇವೆ" ಅಂದಾಗ, ಗುರುತಿಲ್ಲದ ಊರಲ್ಲಿ ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಫೋನ್ ಹಿಡಿದು ಅತ್ತಿದ್ದೇನೆ. ಇನ್ನೊಂದು ವಿಷಯ. ಮುಂದೆ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತ ತಯಾರಾಗುವ ಭಾಗ) ಕಸಿ ಮಾಡಿಸುವ ಯೋಚನೆ ಇದ್ದರೆ ಹತ್ತಿರದ ರಕ್ತ ಸಂಬಂಧಿಕರ ರಕ್ತ ಆ ಮಗುವಿಗೆ ಹಾಕದಿರುವುದೇ ಒಳ್ಳೆಯದು ಅನ್ನುತ್ತಾರೆ ಡಾಕ್ಟರು. ಹಾಗಾಗಿ ನಿಮ್ಮಂಥ ಸ್ನೇಹಿತರೇ ಬೇಕು.

ಎರಡನೆಯದು, ದಯವಿಟ್ಟು ಊಟದ ಸಲಹೆ ಕೊಡಬೇಡಿ. ರಕ್ತ ಕಡಿಮೆ ಅಂದ ತಕ್ಷಣ ಖರ್ಜೂರ, ಬೀಟ್‌ರೂಟ್, ಐರನ್ ಟಾನಿಕ್ ಅನ್ನುತ್ತಾರೆ. ಈ ಮಕ್ಕಳಿಗೆ ಕಬ್ಬಿಣ ಕಡಿಮೆ ಅಲ್ಲ, ಹೆಚ್ಚು. ಹಾಕಿಸಿದ ಪ್ರತಿ ಬ್ಯಾಗಿನ ಜೊತೆ 200 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ ಮೈಗೆ ಸೇರುತ್ತೆ. ಹೊರಗೆ ಹೋಗದೆ ಹೃದಯ, ಲಿವರ್‌ನಲ್ಲಿ ಕೂರುತ್ತೆ. ಅದನ್ನು ತೆಗೆಯಲು ದಿನಾ ಡೆಫರಾಸಿರಾಕ್ಸ್ ಮಾತ್ರೆ. ನಮ್ಮ ಮನೆಯಲ್ಲಿ ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನಲ್ಲಿ ಕರಗಿಸಿ ಕುಡಿಸುತ್ತಿದ್ದೆ. ತಳದಲ್ಲಿ ಉಳಿದ ಬಿಳಿ ಪುಡಿಗೆ ಮತ್ತೆ ಸ್ವಲ್ಪ ನೀರು ಹಾಕಿ ಅದನ್ನೂ ಕುಡಿಸಬೇಕು. ಐದು ವರ್ಷದ ಮಗುವಿಗೆ ಅದನ್ನು ಕುಡಿಸುವುದೇ ಅರ್ಧ ಗಂಟೆಯ ಯುದ್ಧ. ಐರನ್ ಟಾನಿಕ್ ಕೊಟ್ಟರೆ ಅಷ್ಟೂ ಕಷ್ಟ ನೀರಿನಲ್ಲಿ ಹೋಮ.

"ಯಾರ ಕಡೆಯಿಂದ ಬಂತು?" ಅಂತಲೂ ಕೇಳಬೇಡಿ. ನಮ್ಮ ಅತ್ತೆ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ನಮ್ಮ ಮನೆತನದಾಗ ಇಂಥಾದ್ದಿಲ್ಲ" ಅನ್ನುತ್ತಿದ್ದರು. ಅಪ್ಪ ಅಮ್ಮ ಇಬ್ಬರಲ್ಲೂ ಇದರ ಅಂಶ ಇದ್ದರೆ ಮಾತ್ರ ಮಗುವಿಗೆ ಈ ಕಾಯಿಲೆ ಬರುವುದು. ಹಾಗಿದ್ದಾಗಲೂ ಪ್ರತಿ ಬಸುರಿನಲ್ಲಿ ನಾಲ್ಕರಲ್ಲಿ ಒಂದು ಸಾಧ್ಯತೆ. ಕೊನೆಗೆ ಡಾಕ್ಟರೇ ಅವರನ್ನು ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಈಗ ಬುತ್ತಿ ಕಟ್ಟಿಕೊಡುವವರು ಅವರೇ.

ಆ ಮನೆಯಲ್ಲಿ ಇನ್ನೊಂದು ಮಗು ಇದೆಯಾ? ಇದ್ದರೆ ಅದರ ಕಡೆ ನೋಡಿ. ಕಸಿಗೆ ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿದರೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಬ್ಬರಿಗೆ. ನನ್ನ ಮಗನದು ಹೊಂದಲಿಲ್ಲ. ಅವನಿಗೆ ಆಗ ಒಂಬತ್ತು ವರ್ಷ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ: "ಹಂಗಾರ ನಾ ಅಕಿಗೆ ಸ್ವಂತ ಅಣ್ಣ ಅಲ್ಲೇನು?" ಆಸ್ಪತ್ರೆ ದಿನ ಅವನು ಶಾಲೆಯಿಂದ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತಿದ್ದ. ಪಕ್ಕದ ಮನೆ ಅಕ್ಕ ನೋಡಿ, "ಆ ದಿನ ಅವನು ನಮ್ಮಲ್ಲೇ ಊಟ, ನಮ್ಮಲ್ಲೇ ಓದು" ಅಂದರು. ಇಷ್ಟು ವರ್ಷವಾದರೂ ಒಂದು ಸಲವೂ ತಪ್ಪಿಸಿಲ್ಲ. ನಮಗೆ ಸಿಕ್ಕ ದೊಡ್ಡ ಸಹಾಯ ಯಾವುದು ಅಂದರೆ ಅದನ್ನೇ ಹೇಳುತ್ತೇನೆ.

ದುಡ್ಡಿನ ವಿಷಯ. ಕೊಡಲು ಆದರೆ ಕೊಡಿ, ಔಷಧಿಗೆ ಪ್ರತಿ ತಿಂಗಳು ಖರ್ಚಿದೆ. ಆದರೆ ಕಾಗದ ಪತ್ರದ ಓಡಾಟ ನೀವು ಮಾಡಿದರೆ ಅದಕ್ಕೂ ಅಷ್ಟೇ ಬೆಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಕೂಡ ಸೇರಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಕಸಿಗೆ ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾ ನೆರವಿನ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಅದಕ್ಕೆ ಷರತ್ತುಗಳಿವೆ, ಆಸ್ಪತ್ರೆಯಲ್ಲಿ ಕೇಳಿ ನೋಡಿ. ಫಾರಂ ತುಂಬಿಸುವುದು, ಜೆರಾಕ್ಸ್, ಕ್ಯೂ, ಎಲ್ಲದಕ್ಕೂ ರಜೆ ಬೇಕು. ನಿಮ್ಮ ಸಹೋದ್ಯೋಗಿಯ ರಜೆಯೆಲ್ಲ ರಕ್ತ ಹಾಕಿಸುವುದಕ್ಕೇ ಮುಗಿಯುತ್ತೆ. ಆ ದಿನ ಅವರ ಪಾಲಿನ ಕೆಲಸ ನೀವು ನೋಡಿಕೊಂಡು, ಅದನ್ನು ಮತ್ತೆ ಎತ್ತಿ ಆಡದಿದ್ದರೆ ಸಾಕು.

ಇನ್ನು ಏನು ಮಾತಾಡಬೇಕು ಅಂತ ಕೇಳಿದ್ದಿರಿ ಅಲ್ವಾ? ಆಸ್ಪತ್ರೆಯ ಮಾರನೇ ದಿನ ಅವರು ಆಫೀಸಿಗೆ ಬಂದಾಗ ಮಗಳ ಕಿವಿ ಕೆಂಪಾಯಿತಾ ಅಂತ ಕೇಳಿ. ಅವರೇ ಮಾತಾಡುತ್ತಾರೆ. ನೀವು ಚಹಾ ತರಿಸಿ ಕೇಳಿಸಿಕೊಳ್ಳಿ.