ಕಡಲತೀರದ ಕೊರಡು ಮೀನಿನ ತೊಟ್ಟಿಗೆ ಸಲ್ಲುವುದೇ?

ಪ್ರಶ್ನೆ: ನಮ್ಮದು ಕಾರವಾರ. ಮನೆಯಲ್ಲಿ ಮೂರು ಅಡಿ ಉದ್ದದ, ಸುಮಾರು 100 ಲೀಟರ್ ನೀರು ಹಿಡಿಯುವ ಮೀನಿನ ತೊಟ್ಟಿಯಿದೆ. ಮಳೆಗಾಲ ಮುಗಿದ ಮೇಲೆ ಟ್ಯಾಗೋರ್ ಕಡಲತೀರದಲ್ಲಿ ಸಿಕ್ಕಿದ ಕೊರಡೊಂದನ್ನು ತೊಳೆದು ತೊಟ್ಟಿಯ ನಟ್ಟನಡುವೆ ಇಟ್ಟೆ. ಸುತ್ತ ಚಿಪ್ಪುಗಳನ್ನು ಹರಡಿ, ಅನುಬಿಯಾಸ್ ಮತ್ತು ವ್ಯಾಲಿಸ್ನೇರಿಯಾ ಗಿಡಗಳನ್ನು ನೆಟ್ಟೆ. ವಾರದೊಳಗೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಅನುಬಿಯಾಸ್ ಬುಡ ಕೊಳೆಯುತ್ತಿದೆ. ನಿಯಾನ್ ಟೆಟ್ರಾ ಮೀನುಗಳನ್ನು ಬಿಡುವ ಮೊದಲು ಏನನ್ನು ಸರಿಪಡಿಸಬೇಕು?

ಉತ್ತರ: ಮೀನು ಬಿಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನೀರಿನ ಬಣ್ಣ ನಿಮ್ಮನ್ನು ಕಳವಳಗೊಳಿಸಿದೆ, ಆದರೆ ಅದು ಅಪಾಯಕಾರಿಯಲ್ಲ; ಅಳಲೆಕಾಯಿಯನ್ನು ನೆನೆಸಿದಾಗ ನೀರಿಗೆ ಇಳಿಯುವ ಒಗರಿನಂತೆಯೇ ಮರದಿಂದಲೂ ಟ್ಯಾನಿನ್ ಇಳಿಯುತ್ತದೆ, ಮತ್ತು ಮೆದು ನೀರಿನ ತೊರೆಗಳಿಂದ ಬಂದ ಟೆಟ್ರಾಗಳಿಗೆ ಅದು ಒಗ್ಗುತ್ತದೆ. ಯೋಚಿಸಬೇಕಾದದ್ದು ಕಣ್ಣಿಗೆ ಕಾಣದ ಉಪ್ಪಿನ ಬಗ್ಗೆ. ಅಲೆಗಳಲ್ಲಿ ತಿಂಗಳುಗಟ್ಟಲೆ ತೇಲಿದ ಕೊರಡು ಉಪ್ಪುನೀರನ್ನು ತನ್ನ ನಾರಿನ ಒಳಗಿನವರೆಗೂ ಹೀರಿಕೊಂಡಿರುತ್ತದೆ, ಆದ್ದರಿಂದ ಹೊರಮೈಯನ್ನು ಎಷ್ಟೇ ತಿಕ್ಕಿ ತೊಳೆದರೂ ಅದು ಸಿಹಿನೀರಿನ ತೊಟ್ಟಿಗೆ ಸಿದ್ಧವಾಗುವುದಿಲ್ಲ.

ಕೊರಡನ್ನು ಹೊರತೆಗೆದು ಮೊದಲು ಉಗುರಿನಿಂದ ಒತ್ತಿ ನೋಡಿ. ಮೆತ್ತಗಾಗಿ ಪುಡಿಯಾಗುವಂತಿದ್ದರೆ ಅಥವಾ ಒಳಗೆ ಎಣ್ಣೆಯ ವಾಸನೆಯಿದ್ದರೆ ಅದರ ಆಸೆಯನ್ನು ಬಿಡಿ. ಗಟ್ಟಿಯಾಗಿದ್ದರೆ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಒಂದೆರಡು ಗಂಟೆ ಕುದಿಸಿ. ಬಚ್ಚಲಿನ ತಾಮ್ರದ ಹಂಡೆ ಎಷ್ಟೇ ಅನುಕೂಲವಾಗಿ ಕಂಡರೂ ಬೇಡ, ಏಕೆಂದರೆ ತಾಮ್ರದ ಅಂಶ ಮುಂದೆ ನೀವು ಸಾಕಬಹುದಾದ ಸಿಗಡಿ, ಬಸವನಹುಳುಗಳಿಗೆ ವಿಷ. ಅನಂತರ ಸಿಹಿನೀರಿನಲ್ಲಿ ಮುಳುಗಿಸಿಟ್ಟು ದಿನವೂ ನೀರು ಬದಲಿಸಿ. ಮೂರು ವಾರವಾಯಿತು ಎಂದು ದಿನ ಎಣಿಸಿ ಮುಗಿಸುವುದಕ್ಕಿಂತ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ತೋರಿಸುವ ಟಿಡಿಎಸ್ ಮೀಟರಿನಿಂದ ಅಳೆಯುವುದು ಮೇಲು: ತಾಜಾ ನೀರಿಗೂ ಕೊರಡು ಒಂದು ದಿನ ನೆನೆದ ನೀರಿಗೂ ಹೆಚ್ಚಿನ ಅಂತರ ಕಾಣದಿದ್ದಾಗ ಉಪ್ಪು ಇಳಿದಿದೆ ಎಂದು ತಿಳಿಯಬಹುದು. ದಪ್ಪ ಕೊರಡಿಗೆ ಎರಡು ತಿಂಗಳೂ ಹಿಡಿದೀತು.

ಚಿಪ್ಪುಗಳನ್ನು ಪೂರ್ತಿಯಾಗಿ ತೆಗೆಯಿರಿ. ಅವುಗಳ ಸುಣ್ಣ ನಿಧಾನವಾಗಿ ಕರಗಿ ನೀರನ್ನು ಗಡಸುಗೊಳಿಸುತ್ತದೆ. ಟೆಟ್ರಾಗಳಿಗೆ ಬೇಕಾದದ್ದು ಅದಕ್ಕೆ ವಿರುದ್ಧ.

ಇನ್ನು ಜೋಡಣೆ. ಕೊರಡನ್ನು ನಟ್ಟನಡುವೆ ಇಟ್ಟರೆ ತೊಟ್ಟಿ ಎರಡು ಸಮಪಾಲಾಗಿ ಒಡೆದಂತೆ ಕಾಣುತ್ತದೆ. ಒಂದು ಬದಿಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಅದರ ಬುಡವನ್ನಿಟ್ಟು, ಕವಲುಗಳು ಖಾಲಿ ಜಾಗದತ್ತ ಚಾಚುವಂತೆ ತಿರುಗಿಸಿ. ಕಾಳಿ ನದಿಯ ದಂಡೆಯಲ್ಲಿ ನೀರಿನತ್ತ ಬಾಗಿ ನಿಂತ ಮರಗಳನ್ನು ನೀವು ನೋಡಿಯೇ ಇರುತ್ತೀರಿ. ತಳದ ಮರಳು ಮುಂದೆ ಎರಡು ಅಂಗುಲ, ಹಿಂದೆ ನಾಲ್ಕು ಅಂಗುಲ ಇರಲಿ, ಆಗ ತೊಟ್ಟಿಗೆ ಆಳ ಬರುತ್ತದೆ. ರಿಬ್ಬನ್ನಿನಂತೆ ಎತ್ತರಕ್ಕೆ ಬೆಳೆಯುವ ವ್ಯಾಲಿಸ್ನೇರಿಯಾ ಹಿಂಬದಿಯ ಗಿಡ. ನೆಡುವಾಗ ಅದರ ಎಲೆಗಳು ಹೊರಡುವ ಬುಡ ಮರಳಿನ ಮೇಲೆಯೇ ಇರಬೇಕು.

ಅನುಬಿಯಾಸ್ ಕೊಳೆಯುತ್ತಿರುವುದಕ್ಕೆ ನೆಟ್ಟ ರೀತಿಯೇ ಕಾರಣ. ಶುಂಠಿಯ ಗಡ್ಡೆಯಂತೆ ಅಡ್ಡಕ್ಕೆ ಬೆಳೆಯುವ ಅದರ ಕಾಂಡವನ್ನು ಮರಳಿನಲ್ಲಿ ಹೂತರೆ ಅದು ಕೊಳೆತೇ ತೀರುತ್ತದೆ. ಮೆತ್ತಗಾದ ಭಾಗವನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಿ ತೆಗೆದು, ಗಟ್ಟಿಯಾಗಿ ಉಳಿದ ಕಾಂಡವನ್ನು ಕೊರಡಿನ ಕವಲಿಗೆ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ. ದಾರ ಜೀರ್ಣವಾಗುವಷ್ಟರಲ್ಲಿ ಬೇರುಗಳು ಮರವನ್ನು ತಾವೇ ಹಿಡಿದುಕೊಂಡಿರುತ್ತವೆ. ಇದು ನೆರಳಿನ ಗಿಡ, ಹೆಚ್ಚು ಬೆಳಕು ಬಿದ್ದರೆ ಎಲೆಗಳ ಮೇಲೆ ಪಾಚಿ ಕೂರುತ್ತದೆ. ಆದ್ದರಿಂದ ದೀಪ ದಿನಕ್ಕೆ ಆರೇಳು ಗಂಟೆ ಉರಿದರೆ ಸಾಕು. ಕೊರಡು ನೆನೆಯುತ್ತಿರುವಷ್ಟು ಕಾಲವೂ ಆ ಅನುಬಿಯಾಸನ್ನು ಒಂದು ಕಲ್ಲಿಗೆ ಕಟ್ಟಿ, ಉಪ್ಪು ಸೇರಿದ ನೀರನ್ನು ಹೊರಚೆಲ್ಲಿ ಹೊಸ ನೀರು ತುಂಬಿದ ತೊಟ್ಟಿಯಲ್ಲೇ ಇಟ್ಟಿರಿ.