ಕಾಲು ಜೋಮಿಗೆ ಐಜಿಎ ರಕ್ತಪರೀಕ್ಷೆ ಯಾಕೆ?
ಚಳ್ಳಕೆರೆಯಲ್ಲಿರುವ ನಿಮ್ಮ ಅಪ್ಪನ ಪಾದ ಜೋಮು ಹಿಡಿಯುತ್ತದೆ, ದಾವಣಗೆರೆಯ ನರರೋಗದ ಡಾಕ್ಟರು ಐಜಿಜಿ, ಐಜಿಎ, ಐಜಿಎಂ (ರೋಗದ ವಿರುದ್ಧ ಹೋರಾಡುವ ಆಂಟಿಬಾಡಿ ಎಂಬ ಪ್ರೋಟೀನ್‌ನ ಬಗೆಗಳು) ಪರೀಕ್ಷೆ ಬರೆದಿದ್ದಾರೆ, ರೋಗನಿರೋಧಕ ಶಕ್ತಿ ಕುಂದಿದೆಯಾ ಅಂತ ಕೇಳಿದ್ದೀರಿ. ಬರೀ ಚೀಟಿ ನೋಡಿ ಹಾಗಂದುಕೊಳ್ಳಬೇಡಿ.

ಜೋಮಿಗೆ ಜಾಸ್ತಿ ಕಾರಣ ಸಕ್ಕರೆ ಕಾಯಿಲೆ, ಬಿ12 ಕೊರತೆ. ಆದರೆ ಸಿಐಡಿಪಿ, ಗಿಲಾನ್-ಬಾರೆಯಂಥ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬೀಳುತ್ತದೆ. ಅದಕ್ಕೆ ಐವಿಐಜಿ ಎಂಬ ಡ್ರಿಪ್ ಹಾಕಬೇಕಾಗಬಹುದು. ರಕ್ತದಲ್ಲಿ ಐಜಿಎ ತೀರಾ ಇಲ್ಲದ ಕೆಲವರಿಗೆ ಅದು ಜೋರು ಅಲರ್ಜಿ ಮಾಡಬಹುದು. ಅಪರೂಪ, ಆದರೂ ನೋಡಿಕೊಳ್ಳುವುದು ವಾಸಿ ಅಲ್ವಾ?

ಪರೀಕ್ಷೆಯ ರಕ್ತವನ್ನು ಮಾತ್ರ ಡ್ರಿಪ್‌ಗೆ ಮುಂಚೆಯೇ ಕೊಡಿ. ಐವಿಐಜಿ ಅಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಐಜಿಜಿ. ಅದು ಮೈಗೆ ಹೋದ ಮೇಲೆ ರಿಪೋರ್ಟಿನಲ್ಲಿ ಐಜಿಜಿ ಸುಮ್ನೆ ಜಾಸ್ತಿ ಕಾಣುತ್ತದೆ. ದಾನಿಗಳ ಆಂಟಿಬಾಡಿಯಿಂದಾಗಿ ಹೆಪಟೈಟಿಸ್ ಬಿ ಪರೀಕ್ಷೆಯೂ ಕೆಲವೊಮ್ಮೆ ದಿಕ್ಕು ತಪ್ಪಿಸುತ್ತದೆ.

ಸಕ್ಕರೆ ಪರೀಕ್ಷೆ ಜೊತೆಗಿಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಹೊಟ್ಟೆ ಬೇಕಿಲ್ಲ, ಬೆಣ್ಣೆ ದೋಸೆ ತಿಂದೇ ಹೋಗಬಹುದು. ಎಚ್‌ಐವಿ ಪರೀಕ್ಷೆ ಬರೆದಿದ್ದರೂ ಅಪ್ಪ ಬೇಜಾರಾಗುವುದು ಬೇಡ. ಎಚ್‌ಐವಿಯಿಂದಲೂ ನರ ಕೆಡುತ್ತದೆ, ಅದಕ್ಕೇ ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಆ ಪರೀಕ್ಷೆ ಉಚಿತ, ಫಲಿತಾಂಶವನ್ನು ಗುಟ್ಟಾಗಿಡುತ್ತಾರೆ.