ಬಂದರಿನ ಪಕ್ಕದ ಬೀಚಿನಲ್ಲಿ ಮಕ್ಕಳನ್ನು ನೀರಿಗಿಳಿಸಬಹುದೇ?

ಇಳಿಸಬಹುದು, ಆದರೆ ಎಲ್ಲಿ ಎನ್ನುವುದು ಮುಖ್ಯ. ಬಂದರಿಗೆ ಅಲೆ ನುಗ್ಗದಂತೆ ಸಮುದ್ರದೊಳಕ್ಕೆ ಕಟ್ಟಿದ ಅಲೆತಡೆ ಗೋಡೆಯ ಬುಡದಲ್ಲಿ ಅಲೆ ಕಡಿಮೆ, ನೀರು ಶಾಂತವಾಗಿದೆ, ಅಲ್ಲಿ ಆಡಿಸಬಹುದೇ ಅಂತ ನೀವು ಕೇಳಿದರೆ, ನಾನಾದರೆ ಅಲ್ಲಿ ಬೇಡವೇ ಬೇಡ ಅನ್ನುತ್ತೇನೆ. ದಡದುದ್ದಕ್ಕೂ ಹರಿದು ಬಂದ ನೀರು ಗೋಡೆಗೆ ತಾಗಿ, ಅದರ ಪಕ್ಕದಲ್ಲೇ ಸಮುದ್ರದ ಕಡೆಗೆ ತಿರುಗುತ್ತದೆ. ಅಲೆ ಒಡೆಯದೆ ನೀರು ಕಪ್ಪಗೆ ಕಾಣುವ ಪಟ್ಟಿ, ನೊರೆ ಹೊರಗೆ ತೇಲಿಹೋಗುವ ಸಾಲು, ಎರಡೂ ಆ ಸೆಳೆತದ ಗುರುತು. ಜೀವರಕ್ಷಕರು ಕಾವಲಿರುವ ಜಾಗ ತೋರಿಸುವ ಕೆಂಪು-ಹಳದಿ ಬಾವುಟಗಳಿದ್ದರೆ ಅವುಗಳ ನಡುವೆಯೇ ಆಡಿಸಿ. ಸೆಳೆತಕ್ಕೆ ಸಿಕ್ಕರೆ ದಡದತ್ತ ಗುದ್ದಾಡಬಾರದು. ತೇಲುತ್ತಾ ಸಹಾಯಕ್ಕೆ ಕೈಯೆತ್ತಿ, ಗೋಡೆಯಿಂದ ದೂರಕ್ಕೆ, ದಡಕ್ಕೆ ಸಮಾನಾಂತರವಾಗಿ ಈಜಬೇಕು.

ಇನ್ನೊಂದು, ಹಡಗು. ದೊಡ್ಡ ಹಡಗು ದಡದ ಹತ್ತಿರ ಹಾದುಹೋದಾಗ ನೀರು ಮೊದಲು ಹಿಂದೆ ಸರಿಯಬಹುದು, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಹಡಗು ಮುಂದೆ ಹೋಯಿತಲ್ಲ ಅಂತ ಕೂತವರ ಚಪ್ಪಲಿ, ಮೊಬೈಲು ತೇಲುವುದು ಆಗಲೇ. ಅಂಚಿನಲ್ಲಿರುವ ಪುಟ್ಟ ಮಕ್ಕಳನ್ನು ಸ್ವಲ್ಪ ಮೇಲಕ್ಕೆ ಕರೆದುಕೊಳ್ಳಿ.

ಜೋರು ಮಳೆಯಾದ ಮೇಲೆ ಎರಡು-ಮೂರು ದಿನ ನೀರಿಗಿಳಿಯಬೇಡಿ, ಊರಿನ ಚರಂಡಿಯೆಲ್ಲ ಅಲ್ಲಿಗೇ ಬಂದಿರುತ್ತದೆ. ಕಾಮನಬಿಲ್ಲಿನ ಬಣ್ಣದ ತೆಳು ಪೊರೆ, ಡೀಸೆಲ್ ವಾಸನೆ ಇದ್ದರೂ ಅಷ್ಟೇ. ಕಾಲಿಗೆ ಡಾಂಬರಿನಂಥ ಉಂಡೆ ಮೆತ್ತಿದರೆ ಅಡುಗೆ ಎಣ್ಣೆ ಸವರಿ ಒರೆಸಿ, ಸೋಪು ಹಾಕಿ ತೊಳೆಯಿರಿ, ಪೆಟ್ರೋಲ್ ಹಚ್ಚಬೇಡಿ.

ಭರತದ, ಅಂದರೆ ಸಮುದ್ರದ ನೀರು ಏರುವ ಸಮಯ ನೋಡಿಕೊಂಡು ಹೊರಡಿ, ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಗಾಳಿ ದಡದಿಂದ ಸಮುದ್ರಕ್ಕೆ ಬೀಸುತ್ತಿದ್ದರೆ ಗಾಳಿ ತುಂಬುವ ಟ್ಯೂಬನ್ನು ಚೀಲದಿಂದ ತೆಗೆಯಲೇಬೇಡಿ.